ಟರ್ಬೊ ಹೋಗಿದೆ ಎನ್ನುವ ಮೊದಲು

ನಿಮ್ಮಲ್ಲಿ ಎಷ್ಟೋ ಜನ ಡೀಸೆಲ್ ಕಾರು ಇಟ್ಟುಕೊಂಡಿದ್ದೀರಿ. ಟ್ಯಾಕ್ಸಿ ಓಡಿಸುವವರಿದ್ದೀರಿ. ತೋಟದ ಕೆಲಸಕ್ಕೆ ಜೀಪು ಇಟ್ಟವರೂ ಇದ್ದೀರಿ. ನಾನೀಗ ಹೇಳುವ ಅನುಭವ ನಿಮಗೂ ಆಗಿರಬಹುದು. ಬಯಲಿನಲ್ಲಿ ಗಾಡಿ ಚೆನ್ನಾಗಿಯೇ ಓಡುತ್ತದೆ. ಘಾಟಿ ಶುರುವಾದ ಕೂಡಲೇ ಅದರ ಉಸಿರು ಕಟ್ಟುತ್ತದೆ. ಆಕ್ಸಿಲರೇಟರ್ ಎಷ್ಟು ತುಳಿದರೂ ವೇಗ ಏರುವುದಿಲ್ಲ. ಮೂರನೇ ಗೇರಿನಲ್ಲಿ ಹತ್ತುತ್ತಿದ್ದ ಏರನ್ನು ಮೊದಲನೇ ಗೇರಿನಲ್ಲಿ ತೆವಳಿಕೊಂಡು ಹತ್ತುತ್ತದೆ. ಸ್ಟೀರಿಂಗಿನ ಮುಂದೆ ಎಂಜಿನ್ ಆಕಾರದ ಹಳದಿ ದೀಪ ಹೊತ್ತಿಕೊಳ್ಳುತ್ತದೆ. ಗ್ಯಾರೇಜಿಗೆ ಹೋದರೆ ಸಿಗುವ ಉತ್ತರ ಒಂದೇ: ‘ಟರ್ಬೊ ಹೋಗಿದೆ.’

ಟರ್ಬೊ ಎಂದರೆ ಸಣ್ಣ ಖರ್ಚಲ್ಲ. ಹತ್ತಾರು ಸಾವಿರ ರೂಪಾಯಿಯ ಮಾತು. ಆದರೆ ಟರ್ಬೊಗೆ ಅಪ್ಪಣೆ ಕೊಡುವ ಒಂದು ಸಣ್ಣ ವಾಲ್ವ್ ಇದೆ. ದೊಡ್ಡ ನಿಂಬೆಹಣ್ಣಿನ ಗಾತ್ರ. ಅದು ಕೆಟ್ಟರೂ ಗಾಡಿ ಹೀಗೆಯೇ ಆಡುತ್ತದೆ. ಇವತ್ತಿನ ಮಾತು ಆ ವಾಲ್ವಿನ ಬಗ್ಗೆ. ಅದು ಏನು ಮಾಡುತ್ತದೆ, ಹೇಗೆ ಕೆಡುತ್ತದೆ, ಕೆಟ್ಟದ್ದು ಹೇಗೆ ಗೊತ್ತಾಗುತ್ತದೆ, ಹೇಗೆ ಬದಲಿಸಬೇಕು.

ನಾನು ಮೂವತ್ತು ವರ್ಷ ಐಟಿಐ ಹುಡುಗರಿಗೆ ಮೋಟಾರು ಕೆಲಸ ಕಲಿಸಿದವನು. ಆದರೂ ಈ ವಾಲ್ವಿನ ಬೆಲೆ ನನಗೆ ಚೆನ್ನಾಗಿ ಮನದಟ್ಟಾದದ್ದು ಮನೆಯವರ ಗಾಡಿಯಿಂದ.

ಮಳೆಗಾಲದ ಒಂದು ಸಂಜೆ. ನನ್ನ ಭಾವ ಮಂಗಳೂರಿನಿಂದ ಮೂಡಿಗೆರೆಗೆ ಹೊರಟಿದ್ದರು. ಹತ್ತು ವರ್ಷ ಹಳೆಯ ಡೀಸೆಲ್ ಕಾರು. ಉಜಿರೆ ದಾಟಿ ಚಾರ್ಮಾಡಿ ಘಾಟಿ ಏರತೊಡಗಿದಾಗ ಗಾಡಿ ಎಳೆಯುವುದನ್ನು ನಿಲ್ಲಿಸಿತು. ಅಂತೂ ಕೊಟ್ಟಿಗೆಹಾರ ತಲುಪಿ ಫೋನ್ ಮಾಡಿದರು. ‘ಮಾರಾಯ, ಇದು ಎಳೀತಾನೇ ಇಲ್ಲ. ಒಂದ್ಸಲ ಆಫ್ ಮಾಡಿ ಸ್ಟಾರ್ಟ್ ಮಾಡಿದ್ರೆ ಎರಡು ತಿರುವು ಸರಿ ಹೋಗ್ತದೆ. ಆಮೇಲೆ ಮತ್ತೆ ಅದೇ ಕತೆ’ ಎಂದರು.

ಈ ಮಾತನ್ನು ನೆನಪಿನಲ್ಲಿಡಿ. ಆಫ್ ಮಾಡಿ ಸ್ಟಾರ್ಟ್ ಮಾಡಿದರೆ ಎರಡು ತಿರುವು ಸರಿಹೋಗುತ್ತದೆ. ರೋಗದ ಅರ್ಧ ಗುಟ್ಟು ಅದರಲ್ಲೇ ಇತ್ತು. ಮರುದಿನ ಒಂದು ಗ್ಯಾರೇಜಿನಲ್ಲಿ ಅವರಿಗೆ ಹೇಳಿದ್ದು 45 ಸಾವಿರ ರೂಪಾಯಿ. ಬಾನೆಟ್ ಎತ್ತಿ ನೋಡಿದ್ದು ಐದು ನಿಮಿಷ. ಕಾರನ್ನು ಹಾಗೆಯೇ ನನ್ನಲ್ಲಿಗೆ ತೆಗೆದುಕೊಂಡು ಬನ್ನಿ ಎಂದೆ.

ಕಾರು ಬರುವುದರೊಳಗೆ ನಾವು ಟರ್ಬೊ ಎಂದರೇನು ಎಂದು ತಿಳಿದುಕೊಳ್ಳೋಣ.

ಕಮ್ಮಾರನ ಕುಲುಮೆಯನ್ನು ನೆನಪಿಸಿಕೊಳ್ಳಿ. ಇದ್ದಿಲು ಅಷ್ಟೇ ಇರುತ್ತದೆ. ತಿದಿ ಒತ್ತಿದರೆ ಬೆಂಕಿ ಕೆಂಪಿನಿಂದ ಬಿಳಿಗೆ ತಿರುಗುತ್ತದೆ. ಗಾಳಿ ಹೆಚ್ಚಿದಷ್ಟೂ ಕಾವು ಹೆಚ್ಚು. ಎಂಜಿನ್ನಿಗೂ ಇದೇ ನಿಯಮ. ಒಂದು ಕಿಲೋ ಡೀಸೆಲ್ ಪೂರ್ತಿ ಉರಿಯಲು ಸುಮಾರು 15 ಕಿಲೋ ಗಾಳಿ ಬೇಕು. ಅಷ್ಟು ಗಾಳಿ ಎಷ್ಟಾಯಿತು ಗೊತ್ತೆ? ಊರಿಗೆ ನೀರು ತರುವ 12 ಸಾವಿರ ಲೀಟರಿನ ಟ್ಯಾಂಕರ್ ತುಂಬ. ಎಂಜಿನ್ ತಾನಾಗಿ ಎಳೆದುಕೊಳ್ಳುವ ಗಾಳಿಗೆ ಒಂದು ಮಿತಿ ಇದೆ. ಆ ಮಿತಿಯನ್ನು ದಾಟಿಸುವ ತಿದಿಯೇ ಟರ್ಬೊ.

ಈ ತಿದಿಯನ್ನು ಒತ್ತುವವರು ಯಾರು? ಹೊಗೆ. ಸೈಲೆನ್ಸರಿನಿಂದ ಸುಮ್ಮನೆ ಹೊರಗೆ ಹೋಗುತ್ತಿದ್ದ ಬಿಸಿ ಹೊಗೆಯನ್ನು ಒಂದು ಸಣ್ಣ ಚಕ್ರದ ಮೇಲೆ ಬೀಳಿಸುತ್ತಾರೆ. ಚಕ್ರ ತಿರುಗುತ್ತದೆ. ಅದೇ ದಂಡದ ಇನ್ನೊಂದು ತುದಿಯಲ್ಲಿ ಮತ್ತೊಂದು ಚಕ್ರ. ಅದು ಹೊರಗಿನ ಗಾಳಿಯನ್ನು ಎಳೆದು, ಒತ್ತಿ, ಎಂಜಿನ್ನಿನೊಳಗೆ ತಳ್ಳುತ್ತದೆ. ನಿಮ್ಮ ಮನೆಯ ಫ್ಯಾನು ನಿಮಿಷಕ್ಕೆ ಸುಮಾರು 350 ಸುತ್ತು ತಿರುಗುತ್ತದೆ. ಸಣ್ಣ ಕಾರಿನ ಟರ್ಬೊ ಪೂರ್ತಿ ಓಟದಲ್ಲಿ ಒಂದೂವರೆ ಲಕ್ಷ ಸುತ್ತನ್ನೂ ದಾಟುತ್ತದೆ.

ಈ ಯೋಚನೆ ಹಳೆಯದು. ಸ್ವಿಟ್ಜರ್‌ಲೆಂಡಿನ ಎಂಜಿನಿಯರ್ ಆಲ್ಫ್ರೆಡ್ ಬ್ಯೂಖಿ ಇದಕ್ಕೆ ಪೇಟೆಂಟ್ ಪಡೆದದ್ದು 1905ರಲ್ಲಿ. 1918ರಲ್ಲಿ ಅಮೆರಿಕದ ಸ್ಯಾನ್‌ಫರ್ಡ್ ಮಾಸ್ ಒಂದು ವಿಮಾನದ ಎಂಜಿನ್ನನ್ನು ಪೈಕ್ಸ್ ಪೀಕ್ ಎಂಬ ಬೆಟ್ಟದ ತುದಿಗೆ ಸಾಗಿಸಿದರು. ಸುಮಾರು 14 ಸಾವಿರ ಅಡಿ ಎತ್ತರ. ಕೆಳಗೆ 350 ಅಶ್ವಶಕ್ತಿ ಕೊಡುತ್ತಿದ್ದ ಎಂಜಿನ್ ಮೇಲೆ 230ಕ್ಕೆ ಇಳಿಯಿತು. ಟರ್ಬೊ ಜೋಡಿಸಿದ ಮೇಲೆ ಮತ್ತೆ 350 ಮುಟ್ಟಿತು. ಎತ್ತರದಲ್ಲಿ ಗಾಳಿ ತೆಳು. ತೆಳುವಾದ ಗಾಳಿಯನ್ನು ಟರ್ಬೊ ಒತ್ತಿ ದಪ್ಪ ಮಾಡಿತು. ಮಂಗಳೂರಿನಿಂದ ಮಡಿಕೇರಿಗೆ ಹತ್ತುವ ಗಾಡಿಗೂ ಈ ಲೆಕ್ಕ ಇದೆ. ಮಡಿಕೇರಿಯಲ್ಲಿ ಗಾಳಿಯ ಒತ್ತಡ ಸಮುದ್ರತೀರಕ್ಕಿಂತ ಹತ್ತರಲ್ಲಿ ಒಂದು ಪಾಲಿಗೂ ಹೆಚ್ಚು ಕಡಿಮೆ. ಘಾಟಿಯಲ್ಲೇ ಟರ್ಬೊದ ಕೊರತೆ ಎದ್ದು ಕಾಣಲು ಇದೂ ಒಂದು ಕಾರಣ. ದೊಡ್ಡ ಕಾರಣವೆಂದರೆ, ಬಯಲಿನಲ್ಲಿ ನಾವು ಎಂಜಿನ್ನಿನ ಪೂರ್ತಿ ಶಕ್ತಿ ಕೇಳುವುದೇ ಇಲ್ಲ. ಏರಿನಲ್ಲಿ ಕೇಳುತ್ತೇವೆ.

ಟರ್ಬೊ ಎಂದರೆ ತಿದಿ, ಅದನ್ನು ಒತ್ತುವುದು ಹೊಗೆ ಎಂದಾಯಿತು. ಮುಂದಿನ ಪ್ರಶ್ನೆ: ಆ ತಿದಿಗೆ ಕಡಿವಾಣ ಏಕೆ?

ಯೋಚಿಸಿ. ಹೆಚ್ಚು ಹೊಗೆ ಬಂದರೆ ಟರ್ಬೊ ಜೋರಾಗಿ ತಿರುಗುತ್ತದೆ. ಜೋರಾಗಿ ತಿರುಗಿದರೆ ಎಂಜಿನ್ನಿಗೆ ಹೆಚ್ಚು ಗಾಳಿ. ಹೆಚ್ಚು ಗಾಳಿ ಬಂದರೆ ಹೆಚ್ಚು ಇಂಧನ ಉರಿಸಬಹುದು. ಆಗ ಇನ್ನೂ ಹೆಚ್ಚು ಹೊಗೆ. ಟರ್ಬೊ ಇನ್ನೂ ಜೋರು. ತಡೆಯುವವರು ಇಲ್ಲದಿದ್ದರೆ ಇದು ಎಂಜಿನ್ ಒಡೆಯುವವರೆಗೂ ಹೋಗುತ್ತದೆ.

ನಮ್ಮ ಹಿರಿಯರು ಕೆರೆ ಕಟ್ಟಿದಾಗ ಏರಿಯ ಒಂದು ಬದಿಗೆ ಕೋಡಿ ಬಿಟ್ಟರು. ನೀರು ಆ ಮಟ್ಟ ಮುಟ್ಟಿದರೆ ಕೋಡಿ ಹರಿಯುತ್ತದೆ, ಏರಿ ಉಳಿಯುತ್ತದೆ. ಟರ್ಬೊಗೂ ಅಂಥದೇ ಒಂದು ಕೋಡಿ ಇದೆ. ಅದರ ಹೆಸರು ವೇಸ್ಟ್‌ಗೇಟ್. ಅದೊಂದು ಸಣ್ಣ ಬಾಗಿಲು. ಬಾಗಿಲು ತೆರೆದರೆ ಹೊಗೆಯ ಒಂದು ಪಾಲು ಚಕ್ರದ ಮೇಲೆ ಬೀಳದೆ ಪಕ್ಕದಿಂದ ಹೊರಟುಹೋಗುತ್ತದೆ. ಟರ್ಬೊ ನಿಧಾನವಾಗುತ್ತದೆ.

ಕಾರುಗಳಿಗೆ ಟರ್ಬೊ ಬಂದದ್ದು 1962ರಲ್ಲಿ. ಅಮೆರಿಕದ ಎರಡು ಕಾರುಗಳು ಹೆಚ್ಚುಕಡಿಮೆ ಒಟ್ಟಿಗೇ ಬಂದವು. ಓಲ್ಡ್ಸ್‌ಮೊಬೈಲ್ ಜೆಟ್‌ಫೈರ್ ಮತ್ತು ಷೆವರ್ಲೆ ಕಾರ್ವೇರ್. ಜೆಟ್‌ಫೈರ್‌ನಲ್ಲಿ ವೇಸ್ಟ್‌ಗೇಟ್ ಇತ್ತು. ಜೊತೆಗೆ ನೀರು ಮತ್ತು ಮೆಥನಾಲ್ ಬೆರೆಸಿದ ದ್ರವವನ್ನು ಎಂಜಿನ್ನಿಗೆ ಸಿಂಪಡಿಸುವ ಏರ್ಪಾಡೂ ಇತ್ತು. ಆ ದ್ರವವನ್ನು ತುಂಬಿಸುತ್ತಲೇ ಇರಬೇಕಿತ್ತು. ಎಷ್ಟೋ ಮಾಲೀಕರು ತುಂಬಿಸಲಿಲ್ಲ. ಆ ಪದ್ಧತಿ ಬಾಳಲಿಲ್ಲ.

ಕಡಿವಾಣಕ್ಕೆ ಬುದ್ಧಿ ಬಂದದ್ದು ಸ್ವೀಡನ್ನಿನ ಸಾಬ್ ಕಾರಿನಲ್ಲಿ. 1980ರ ದಶಕದ ಆರಂಭ. ಎಂಜಿನ್ನಿನ ಮೈಗೆ ಅವರು ಒಂದು ಕಿವಿ ಕೊಟ್ಟರು. ಕಿವಿ ಎಂದರೆ ಅದುರುವಿಕೆಯನ್ನು ಗ್ರಹಿಸುವ ಸೆನ್ಸರ್. ಪೆಟ್ರೋಲ್ ಅಕಾಲದಲ್ಲಿ ಸಿಡಿದರೆ ಎಂಜಿನ್ನಿನಿಂದ ಟಕಟಕ ಸದ್ದು ಬರುತ್ತದೆ. ಆ ಸದ್ದು ಹುಟ್ಟಿದ ಕೂಡಲೇ ಒಂದು ವಿದ್ಯುತ್ ಪೆಟ್ಟಿಗೆ ಒಂದು ಸಣ್ಣ ವಾಲ್ವಿಗೆ ಆಜ್ಞೆ ಕೊಡುತ್ತಿತ್ತು. ವಾಲ್ವ್ ಕೋಡಿಯನ್ನು ತೆರೆಸುತ್ತಿತ್ತು. ಸದ್ದು ನಿಂತರೆ ಮತ್ತೆ ಒತ್ತಡ ಏರಿಸುತ್ತಿತ್ತು. ಇವತ್ತು ನಿಮ್ಮ ಕಾರಿನಲ್ಲಿರುವ ವಾಲ್ವ್ ಆ ವಂಶದ್ದೇ.

ಕೋಡಿ ಏಕೆ ಬೇಕು ಎಂಬುದು ತಿಳಿಯಿತು. ಈಗ ಆ ಕೋಡಿಯನ್ನು ತೆರೆದು ಮುಚ್ಚುವವನು ಹೇಗೆ ಕೆಲಸ ಮಾಡುತ್ತಾನೆ, ನೋಡೋಣ. ಇಲ್ಲಿ ಸ್ವಲ್ಪ ನಿಧಾನವಾಗಿ ಹೋಗಬೇಕು. ಮಾತು ಇಲ್ಲಿ ತಪ್ಪಿದರೆ ಮುಂದೆ ಎಲ್ಲವೂ ತಪ್ಪುತ್ತದೆ.

ಟರ್ಬೊ ಪಕ್ಕದಲ್ಲಿ ಒಂದು ತಗಡಿನ ಡಬ್ಬಿ ಇರುತ್ತದೆ. ಸಣ್ಣ ಚಹಾ ಲೋಟದಷ್ಟು. ಅದರಿಂದ ಒಂದು ಕಬ್ಬಿಣದ ಕಡ್ಡಿ ಹೊರಬಂದು ಟರ್ಬೊಗೆ ಸೇರಿರುತ್ತದೆ. ಈ ಡಬ್ಬಿಗೆ ಆಕ್ಚುವೇಟರ್ ಎನ್ನುತ್ತಾರೆ. ಒಳಗೆ ಒಂದು ರಬ್ಬರ್ ಪರದೆ, ಒಂದು ಸ್ಪ್ರಿಂಗು. ಅಷ್ಟೇ. ಪರದೆ ಅಲುಗಿದರೆ ಕಡ್ಡಿ ಅಲುಗುತ್ತದೆ.

ಪೆಟ್ರೋಲ್ ಟರ್ಬೊ ಕಾರುಗಳಲ್ಲಿ ಸಾಮಾನ್ಯವಾಗಿ ಈ ಪರದೆಯನ್ನು ತಳ್ಳುವುದು ಟರ್ಬೊದ್ದೇ ಗಾಳಿ. ಗಾಳಿಯ ಒತ್ತಡ ಸ್ಪ್ರಿಂಗನ್ನು ಮೀರಿದರೆ ಕಡ್ಡಿ ಚಾಚುತ್ತದೆ, ಕೋಡಿ ತೆರೆಯುತ್ತದೆ. ನಮ್ಮ ವಾಲ್ವ್ ಈ ಗಾಳಿಯ ದಾರಿಯಲ್ಲಿ ಕೂತಿರುತ್ತದೆ. ಸ್ವಲ್ಪ ಗಾಳಿಯನ್ನು ಪಕ್ಕಕ್ಕೆ ಬಿಡುತ್ತದೆ. ಪರದೆಗೆ ನಿಜವಾದ ಒತ್ತಡ ಗೊತ್ತಾಗುವುದಿಲ್ಲ. ಕೋಡಿ ತಡವಾಗಿ ತೆರೆಯುತ್ತದೆ. ಎಂಜಿನ್ನಿಗೆ ಹೆಚ್ಚು ಗಾಳಿ ಸಿಗುತ್ತದೆ.

ಇವತ್ತಿನ ಎಷ್ಟೋ ಡೀಸೆಲ್ ಕಾರುಗಳಲ್ಲಿ ವ್ಯವಸ್ಥೆ ಬೇರೆ. ಅಲ್ಲಿ ಕೋಡಿ ಇಲ್ಲ. ಹೊಗೆ ಬೀಳುವ ಚಕ್ರದ ಸುತ್ತ ಸಣ್ಣ ಸಣ್ಣ ರೆಕ್ಕೆಗಳಿರುತ್ತವೆ. ರೆಕ್ಕೆ ಕಿರಿದಾದರೆ ಹೊಗೆ ರಭಸದಿಂದ ನುಗ್ಗುತ್ತದೆ. ಗಿಡಕ್ಕೆ ನೀರು ಬಿಡುವಾಗ ಪೈಪಿನ ಬಾಯಿಗೆ ಹೆಬ್ಬೆರಳು ಒತ್ತಿದರೆ ನೀರು ದೂರಕ್ಕೆ ಚಿಮ್ಮುತ್ತದಲ್ಲ, ಹಾಗೆ. ರೆಕ್ಕೆ ಅಗಲವಾದರೆ ರಭಸ ಕಡಿಮೆ. ಈ ರೆಕ್ಕೆಗಳನ್ನು ಆಡಿಸುವುದೂ ಅದೇ ಡಬ್ಬಿ, ಅದೇ ಕಡ್ಡಿ. ಆದರೆ ಇಲ್ಲಿ ಪರದೆಯನ್ನು ಗಾಳಿ ತಳ್ಳುವುದಿಲ್ಲ. ವ್ಯಾಕ್ಯೂಮ್ ಎಳೆಯುತ್ತದೆ. ಎಂಜಿನ್ನಿಗೆ ಜೋಡಿಸಿದ ಒಂದು ಪಂಪು ಗಾಳಿಯನ್ನು ಹೀರಿ ನಿರ್ವಾತ ಮಾಡುತ್ತದೆ. ನಿಮ್ಮ ಬ್ರೇಕನ್ನು ಹಗುರ ಮಾಡುವುದೂ ಅದೇ ಪಂಪು. ಇದನ್ನೂ ನೆನಪಿಡಿ, ಮುಂದೆ ಬೇಕಾಗುತ್ತದೆ.

ಈ ಪಂಪಿಗೂ ಡಬ್ಬಿಗೂ ನಡುವೆ ಕೂತಿರುವ ನಮ್ಮ ವಾಲ್ವಿಗೆ ಮೂರು ಬಾಯಿ. ಒಂದು ಬಾಯಿ ಪಂಪಿಗೆ. ಒಂದು ಹೊರಗಿನ ಗಾಳಿಗೆ. ಮೂರನೆಯದು ಡಬ್ಬಿಗೆ. ಬಚ್ಚಲಲ್ಲಿ ಹಂಡೆಯ ಬಿಸಿನೀರಿಗೆ ತಣ್ಣೀರು ಬೆರೆಸಿ ಹದ ಮಾಡುತ್ತೇವೆ. ವಾಲ್ವ್ ಮಾಡುವುದೂ ಅದನ್ನೇ. ಒಂದಿಷ್ಟು ನಿರ್ವಾತ, ಒಂದಿಷ್ಟು ಹೊರಗಿನ ಗಾಳಿ, ಹದ ಮಾಡಿ ಡಬ್ಬಿಗೆ ಕಳಿಸುತ್ತದೆ. ಹದ ಎಷ್ಟು ಎಂದು ಹೇಳುವುದು ಗಾಡಿಯ ಕಂಪ್ಯೂಟರ್. ವಾಲ್ವಿನೊಳಗೆ ತಾಮ್ರದ ತಂತಿಯ ಸುರುಳಿ ಇದೆ. ಕಂಪ್ಯೂಟರ್ ಅದಕ್ಕೆ ಬಿಟ್ಟು ಬಿಟ್ಟು ಕರೆಂಟು ಕೊಡುತ್ತದೆ. ಸೆಕೆಂಡಿಗೆ ಹತ್ತಾರು ಸಲ, ಕೆಲವದರಲ್ಲಿ ನೂರಾರು ಸಲ. ಕರೆಂಟು ಇರುವ ಹೊತ್ತು ಹೆಚ್ಚಾದರೆ ನಿರ್ವಾತ ಹೆಚ್ಚು. ಆಗ ರೆಕ್ಕೆ ಕಿರಿದಾಗುತ್ತದೆ, ಗಾಳಿಯ ಒತ್ತಡ ಏರುತ್ತದೆ. ಕರೆಂಟೇ ಇಲ್ಲದಿದ್ದರೆ ರೆಕ್ಕೆ ಅಗಲವಾಗಿ ನಿಲ್ಲುತ್ತದೆ, ಒತ್ತಡ ಬೀಳುತ್ತದೆ.

ಒಂದೇ ಎಂಜಿನ್ನಿನಲ್ಲಿ ಎರಡು ಬಗೆ ಇರುವುದೂ ಉಂಟು. ನಮ್ಮ ರಸ್ತೆಗಳಲ್ಲಿ ಲಕ್ಷಗಟ್ಟಲೆ ಓಡಿದ ಫಿಯೆಟ್‌ನ 1.3 ಲೀಟರ್ ಮಲ್ಟಿಜೆಟ್ ಡೀಸೆಲ್ ಎಂಜಿನ್ ಅಂಥದು. 2007ರಲ್ಲಿ ಮಾರುತಿ ಸ್ವಿಫ್ಟ್‌ಗೆ ಬಂದದ್ದು ಸುಮಾರು 75 ಅಶ್ವಶಕ್ತಿಯದು. ಅದಕ್ಕೆ ಕೋಡಿಯ ಸಾದಾ ಟರ್ಬೊ. ಗಾಳಿಯ ಒತ್ತಡವೇ ನೇರವಾಗಿ ಕೋಡಿ ತೆರೆಯುತ್ತದೆ. ಆಮೇಲೆ 2012ರಲ್ಲಿ ಎರ್ಟಿಗಾಗೆ ಹಾಕಿದ್ದು 90 ಅಶ್ವಶಕ್ತಿಯದು. ಅದಕ್ಕೆ ರೆಕ್ಕೆಯ ಟರ್ಬೊ. ಹೊರಗಿನಿಂದ ಎರಡೂ ಅಣ್ಣತಮ್ಮಂದಿರಂತೆ ಕಾಣುತ್ತವೆ. ಆದ್ದರಿಂದ ನಿಮ್ಮ ಗಾಡಿಯದು ಯಾವ ಬಗೆ ಎಂದು ತಿಳಿಯದೆ ಅಂಗಡಿಗೆ ವಾಲ್ವ್ ತರಲು ಹೋಗಬೇಡಿ.

ಇದುವರೆಗೆ ಕೇಳಿದ್ದನ್ನು ಒಮ್ಮೆ ಕೂಡಿಸಿಕೊಳ್ಳಿ. ಕಂಪ್ಯೂಟರ್ ವಾಲ್ವಿಗೆ ಹೇಳುತ್ತದೆ. ವಾಲ್ವ್ ಡಬ್ಬಿಗೆ ಹೇಳುತ್ತದೆ. ಡಬ್ಬಿ ಟರ್ಬೊವನ್ನು ಆಡಿಸುತ್ತದೆ. ನಡುವೆ ಸಂದೇಶ ಒಯ್ಯುವುದು ಪೆನ್ಸಿಲ್ ದಪ್ಪದ ರಬ್ಬರ್ ಪೈಪುಗಳು. ಈ ಸರಪಳಿಯಲ್ಲಿ ಯಾವ ಕೊಂಡಿ ಕಳಚಿದರೂ ಗಾಡಿಯ ಪಿಕಪ್ ಹೋಗುತ್ತದೆ. ಟರ್ಬೊ ಮಾತ್ರ ಗಟ್ಟಿಯಾಗಿಯೇ ಇರಬಹುದು.

ಇನ್ನು ಭಾವನ ಕಾರಿಗೆ ಬರೋಣ. ಆಫ್ ಮಾಡಿ ಸ್ಟಾರ್ಟ್ ಮಾಡಿದರೆ ಸರಿಹೋಗುತ್ತಿತ್ತು ಎಂದಿದ್ದೆನಲ್ಲ. ಕಂಪ್ಯೂಟರ್ ತಾನು ಕೇಳಿದಷ್ಟು ಒತ್ತಡ ಬರುತ್ತಿದೆಯೇ ಎಂದು ಸದಾ ನೋಡುತ್ತಿರುತ್ತದೆ. ಬರದಿದ್ದರೆ, ಅಥವಾ ವಿಪರೀತ ಬಂದರೆ, ಎಂಜಿನ್ನನ್ನು ಕಾಪಾಡಲು ಶಕ್ತಿಯನ್ನು ತಾನೇ ಇಳಿಸಿಬಿಡುತ್ತದೆ. ಕೀಲಿ ತಿರುಗಿಸಿ ಮತ್ತೆ ಸ್ಟಾರ್ಟ್ ಮಾಡಿದರೆ ಅನೇಕ ಗಾಡಿಗಳಲ್ಲಿ ಇನ್ನೊಂದು ಅವಕಾಶ ಕೊಡುತ್ತದೆ. ಮುಂದಿನ ಏರಿನಲ್ಲಿ ಮತ್ತೆ ಅದೇ ತಪ್ಪು ಕಂಡು ಮತ್ತೆ ಇಳಿಸುತ್ತದೆ. ಟರ್ಬೊದ ಚಕ್ರವೇ ಮುರಿದಿದ್ದರೆ ಕೀಲಿ ತಿರುಗಿಸಿದ ಮಾತ್ರಕ್ಕೆ ಎರಡು ತಿರುವು ಸರಿಹೋಗುತ್ತಿತ್ತೇ? ಇಲ್ಲ. ನನ್ನ ಅನುಮಾನ ಹುಟ್ಟಿದ್ದು ಅಲ್ಲಿ.

ಸ್ಟೀರಿಂಗಿನ ಕೆಳಗಿನ ಸಾಕೆಟ್ಟಿಗೆ ಸ್ಕ್ಯಾನರ್ ಹಾಕಿದೆ. ಪಿ 0299 ಎಂಬ ಸಂಖ್ಯೆ ಬಂತು. ಒತ್ತಡ ಸಾಲುತ್ತಿಲ್ಲ ಎಂದು ಅದರ ಅರ್ಥ. ಪಿ 0234 ಬಂದಿದ್ದರೆ ಒತ್ತಡ ಮಿತಿಮೀರಿದೆ ಎಂದಾಗುತ್ತಿತ್ತು. ಈ ಎರಡು ಸಂಖ್ಯೆ ಬರೆದಿಟ್ಟುಕೊಳ್ಳಿ. ಎರಡರಲ್ಲಿ ಯಾವುದೂ ‘ಟರ್ಬೊ ಬದಲಿಸಿ’ ಎಂದು ಹೇಳುವುದಿಲ್ಲ. ಎಲ್ಲಿ ಹುಡುಕಬೇಕು ಎಂದು ಮಾತ್ರ ಹೇಳುತ್ತದೆ.

ಮೊದಲ ಪರೀಕ್ಷೆ ಕಿವಿಯದು. ಎಂಜಿನ್ ಸ್ಟಾರ್ಟ್ ಮಾಡಿ ಬಾನೆಟ್ ಎತ್ತಿದೆ. ರೇಡಿಯೇಟರಿನ ಫ್ಯಾನು ನಿಂತ ಹೊತ್ತು ನೋಡಿ ತಲೆ ಬಗ್ಗಿಸಿದೆ. ಎಂಜಿನ್ನಿನ ಗಡಗಡದ ನಡುವೆ ಒಂದು ಸಣ್ಣ ಸುಸ್ ಎನ್ನುವ ಸದ್ದು. ಸೈಕಲ್ ಟ್ಯೂಬಿನ ಪಂಕ್ಚರಿನ ಸದ್ದಿನಂಥದು. ಕೈಗೆ ಸಿಕ್ಕಿದ್ದು ವಾಲ್ವಿನಿಂದ ಡಬ್ಬಿಗೆ ಹೋಗುವ ಕರಿ ಪೈಪು. ನೇರವಾಗಿ ಹಿಡಿದರೆ ಏನೂ ಕಾಣದು. ತುದಿಯ ಹತ್ತಿರ ಸ್ವಲ್ಪ ಬಗ್ಗಿಸಿದೆ. ಉಗುರಿನ ಉದ್ದದ ಒಂದು ಬಿರುಕು ಮೀನಿನ ಬಾಯಿಯಂತೆ ತೆರೆದುಕೊಂಡಿತು. ಅದರ ಮೇಲೆ ಬೆರಳಿಟ್ಟೆ. ಸದ್ದು ನಿಂತಿತು. ಎದುರಿಗೇ ಟರ್ಬೊದ ಕಡ್ಡಿ ಒಂದು ಸೆಂಟಿಮೀಟರಿನಷ್ಟು ಒಳಗೆ ಸರಿಯಿತು. ಭಾವ ಪಕ್ಕದಲ್ಲೇ ನಿಂತಿದ್ದರು. ಬೆರಳು ತೆಗೆದೆ, ಕಡ್ಡಿ ವಾಪಸ್ ಬಂತು. ಇಟ್ಟೆ, ಒಳಗೆ ಹೋಯಿತು. ‘ಇಷ್ಟಕ್ಕೆ ನಲವತ್ತೈದು ಸಾವಿರವಾ?’ ಎಂದರು.

ಪೈಪಿನ ತುದಿಯನ್ನು ಒಂದು ಬೆರಳಿನಷ್ಟು ಕತ್ತರಿಸಿ ಮತ್ತೆ ಸಿಕ್ಕಿಸಿದೆ. ಆ ದಿನ ಕಾರು ಘಾಟಿಯನ್ನು ಮೂರನೇ ಗೇರಿನಲ್ಲಿ ಹತ್ತಿತು.

ಕತೆ ಅಲ್ಲಿಗೆ ಮುಗಿಯಲಿಲ್ಲ. ಮೂರು ವಾರದ ಮೇಲೆ ಹಳದಿ ದೀಪ ಮತ್ತೆ ಹೊತ್ತಿತು. ಸ್ಕ್ಯಾನರಿನಲ್ಲಿ ಅದೇ ಸಂಖ್ಯೆ. ಈ ಸಲ ಪೈಪಿನಲ್ಲಿ ಬಿರುಕಿಲ್ಲ.

ಮೊದಲ ಪರೀಕ್ಷೆ ಕಿವಿಯದು, ಪೈಪಿನದು ಎಂದಾಯಿತು. ಪೈಪು ಸರಿ ಇದ್ದರೆ ಎರಡನೆಯದು ಡಬ್ಬಿಯ ಪರೀಕ್ಷೆ. ಇದಕ್ಕೆ ಕೈಯಿಂದ ಒತ್ತುವ ಸಣ್ಣ ವ್ಯಾಕ್ಯೂಮ್ ಪಂಪು ಬೇಕು, ಮೇಲೆ ಒಂದು ಮುಳ್ಳಿನ ಮೀಟರ್ ಇರುವಂಥದು. ಪ್ರತಿ ಗ್ಯಾರೇಜಿನಲ್ಲೂ ಇದು ಇರಬೇಕು ಎನ್ನುವುದು ನನ್ನ ಗಟ್ಟಿ ಅಭಿಪ್ರಾಯ. ಡಬ್ಬಿಯ ಪೈಪು ತೆಗೆದು ಈ ಪಂಪನ್ನು ಸಿಕ್ಕಿಸಿ ಒತ್ತಬೇಕು. ಕಡ್ಡಿ ತಡೆಯಿಲ್ಲದೆ ನಯವಾಗಿ ಸರಿಯಬೇಕು. ಮುಳ್ಳು ಒಂದು ನಿಮಿಷ ಅಲ್ಲೇ ನಿಲ್ಲಬೇಕು. ಮುಳ್ಳು ಬಿದ್ದರೆ ಡಬ್ಬಿಯ ಪರದೆ ಹರಿದಿದೆ. ಮುಳ್ಳು ನಿಂತು ಕಡ್ಡಿ ತಡೆದು ತಡೆದು ಹೋದರೆ ಟರ್ಬೊದೊಳಗಿನ ರೆಕ್ಕೆಗಳಿಗೆ ಮಸಿ ಹಿಡಿದಿದೆ. ಒತ್ತಡ ಮಿತಿಮೀರುವ ದೂರು ಹೆಚ್ಚಾಗಿ ಈ ಮಸಿಯಿಂದ. ಭಾವನ ಕಾರಿನ ಕಡ್ಡಿ ಬೆಣ್ಣೆಯಲ್ಲಿ ಚಾಕು ಇಳಿದಂತೆ ಸರಿಯಿತು. ಮುಳ್ಳೂ ನಿಂತಿತು. ಟರ್ಬೊ, ಡಬ್ಬಿ ಎರಡೂ ನಿರ್ದೋಷಿ.

ಉಳಿದದ್ದು ಪಂಪು ಮತ್ತು ವಾಲ್ವ್. ಪಂಪಿನ ಬಗ್ಗೆ ಬ್ರೇಕ್ ಹೇಳುತ್ತದೆ. ಬ್ರೇಕ್ ಪೆಡಲ್ ಕಲ್ಲಿನಂತೆ ಗಟ್ಟಿಯಾಗಿದ್ದರೆ, ಪಿಕಪ್ಪೂ ಇಲ್ಲದಿದ್ದರೆ, ಪಂಪು ಅಥವಾ ಅದರ ಮುಖ್ಯ ಪೈಪು ಕೆಟ್ಟಿರುವ ಸಂಭವ ಹೆಚ್ಚು. ಅಂಥ ಗಾಡಿಯನ್ನು ಘಾಟಿಗೆ ಒಯ್ಯಲೇಬೇಡಿ. ಭಾವನ ಕಾರಿನ ಬ್ರೇಕ್ ಮೆತ್ತಗೆ, ಸರಿಯಾಗಿತ್ತು. ಹಾಗಾದರೆ ವಾಲ್ವ್.

ಕೆಲವು ಎಂಜಿನ್ನುಗಳಲ್ಲಿ ಇಂಥದೇ ಎರಡು ವಾಲ್ವ್ ಇರುತ್ತವೆ. ಒಂದು ಟರ್ಬೊಗೆ, ಇನ್ನೊಂದು ಹೊಗೆಯನ್ನು ಎಂಜಿನ್ನಿಗೆ ಮರಳಿಸುವ ಇಜಿಆರ್‌ಗೆ. ಎರಡರ ಮೇಲಿನ ಪಾರ್ಟ್ ನಂಬರ್ ಒಂದೇ ಆಗಿದ್ದರೆ ಅದಲು ಬದಲು ಮಾಡಿ ನೋಡಿ. ದೂರು ಟರ್ಬೊದಿಂದ ಇಜಿಆರ್‌ಗೆ ಹೋದರೆ ಕಳ್ಳ ಸಿಕ್ಕಿದಂತೆ. ಖರ್ಚು ಏನೂ ಇಲ್ಲ. ಇನ್ನೊಂದು ದಾರಿ ಮಲ್ಟಿಮೀಟರ್. ತಂತಿಯ ಸುರುಳಿಗೆ ಸಾಮಾನ್ಯವಾಗಿ 15ರಿಂದ 30 ಓಮ್ ತೋರಿಸುತ್ತದೆ. ನಿಮ್ಮ ಗಾಡಿಯ ಖಚಿತ ಅಂಕಿ ಸರ್ವಿಸ್ ಪುಸ್ತಕದಲ್ಲಿರುತ್ತದೆ. ಮೀಟರ್ ಏನೂ ತೋರಿಸದಿದ್ದರೆ ಸುರುಳಿ ತುಂಡಾಗಿದೆ. ಆದರೆ ಸುರುಳಿ ಸರಿ ಇದ್ದು ಅದರೊಳಗೆ ಅಲುಗುವ ಕಬ್ಬಿಣದ ಕೊರಡು ಮಾತ್ರ ಅಂಟಿಕೊಂಡಿರಬಹುದು. ಮೀಟರ್ ಅದನ್ನು ಹಿಡಿಯುವುದಿಲ್ಲ. ಭಾವನ ಕಾರಿನಲ್ಲಿ ಆದದ್ದು ಅದೇ.

ಪೆಟ್ರೋಲ್ ಗಾಡಿಯವರಿಗೆ ಇಲ್ಲಿ ಒಂದು ಎಚ್ಚರಿಕೆ. ನಿಮ್ಮಲ್ಲಿ ಕೋಡಿ ತೆರೆಯುವುದು ಗಾಳಿಯ ಒತ್ತಡ. ಡಬ್ಬಿಗೆ ಹೋಗುವ ಪೈಪು ಕಳಚಿದರೆ ಡಬ್ಬಿಗೆ ಒತ್ತಡವೇ ತಲುಪುವುದಿಲ್ಲ. ಕೋಡಿ ತೆರೆಯುವುದೇ ಇಲ್ಲ. ಒತ್ತಡ ಮಿತಿಮೀರಿ ಏರುತ್ತದೆ. ಡೀಸೆಲ್ಲಿನಲ್ಲಿ ಪಿಕಪ್ ಕಳೆಯುವ ಬಿರುಕು ಪೆಟ್ರೋಲಿನಲ್ಲಿ ಎಂಜಿನ್ನನ್ನೇ ಅಪಾಯಕ್ಕೆ ತಳ್ಳಬಹುದು. ಗಾಡಿ ಇದ್ದಕ್ಕಿದ್ದಂತೆ ಹಿಂದೆಂದಿಗಿಂತ ಜೋರಾಗಿ ನುಗ್ಗಿ, ಆಮೇಲೆ ಝಟಕಾ ಹೊಡೆದರೆ ಆ ಪೈಪನ್ನು ಮೊದಲು ನೋಡಿ.

ಪೈಪು, ಡಬ್ಬಿ, ಪಂಪು, ಆಮೇಲೆ ವಾಲ್ವ್. ಪರೀಕ್ಷೆಯ ಕ್ರಮ ಇದು. ಈಗ ವಾಲ್ವ್ ಬದಲಿಸುವ ಕೆಲಸ.

ಗಾಡಿ ನಿಂತು ಒಂದೆರಡು ಗಂಟೆಯಾದರೂ ಆಗಿರಲಿ. ಟರ್ಬೊದ ಸುತ್ತ ಇರುವ ಕಬ್ಬಿಣ ಓಡುವಾಗ ನೂರಾರು ಡಿಗ್ರಿ ಕಾದಿರುತ್ತದೆ. ನನ್ನ ಮೊಣಕೈಯಲ್ಲಿ ಅದರ ಗುರುತು ಇನ್ನೂ ಇದೆ. ಬ್ಯಾಟರಿಯ ನೆಗೆಟಿವ್ ತಂತಿ ಬಿಚ್ಚಿ. ವಾಲ್ವ್ ಸಾಮಾನ್ಯವಾಗಿ ಎಂಜಿನ್ನಿನ ಹಿಂದಿನ ಗೋಡೆಯ ಮೇಲೋ ಬದಿಯ ತಗಡಿನ ಮೇಲೋ ಇರುತ್ತದೆ. ಡಬ್ಬಿಯಿಂದ ಹೊರಟ ಪೈಪನ್ನು ಬೆರಳಿನಿಂದ ಹಿಂಬಾಲಿಸಿದರೆ ಅಲ್ಲಿಗೇ ತಲುಪುತ್ತೀರಿ.

ಪೈಪು ತೆಗೆಯುವ ಮೊದಲು ಪ್ರತಿಯೊಂದಕ್ಕೂ ಟೇಪು ಸುತ್ತಿ ಒಂದು, ಎರಡು, ಮೂರು ಎಂದು ಬರೆಯಿರಿ. ಫೋನಿನಲ್ಲಿ ಚಿತ್ರವನ್ನೂ ತೆಗೆದುಕೊಳ್ಳಿ. ಇದನ್ನು ಮಾತ್ರ ಬಿಡಬೇಡಿ. ಪೈಪು ಅದಲು ಬದಲಾದರೆ ಹೊಸ ವಾಲ್ವ್ ಹಾಕಿಯೂ ಗಾಡಿ ಎಳೆಯುವುದಿಲ್ಲ. ಆಗ ಎಲ್ಲರೂ ಮತ್ತೆ ಟರ್ಬೊ ಕಡೆಗೇ ಬೆರಳು ತೋರಿಸುತ್ತಾರೆ.

ಕರೆಂಟಿನ ಕನೆಕ್ಟರಿಗೆ ಒಂದು ಸಣ್ಣ ನಾಲಗೆ ಇರುತ್ತದೆ. ಅದನ್ನು ಒತ್ತಿ ಹಿಡಿದು ಎಳೆಯಿರಿ. ತಂತಿ ಹಿಡಿದು ಎಳೆಯಬೇಡಿ. ಹಳೆಯ ಪೈಪು ಪ್ಲಾಸ್ಟಿಕ್ ಮೂತಿಗೆ ಅಂಟಿಕೊಂಡಿರುತ್ತದೆ. ನೇರ ಎಳೆದರೆ ಮೂತಿ ಮುರಿಯುತ್ತದೆ. ಮೊದಲು ಬೆರಳಿನಲ್ಲಿ ಹಿಡಿದು ಆ ಕಡೆ ಈ ಕಡೆ ತಿರುಗಿಸಿ, ಸಡಿಲವಾದ ಮೇಲೆ ಎಳೆಯಿರಿ. ಆಮೇಲೆ ವಾಲ್ವನ್ನು ಹಿಡಿದಿರುವ ಒಂದೆರಡು ಸ್ಕ್ರೂ ಅಥವಾ ನಟ್ಟು. ಹತ್ತರ ಸ್ಪ್ಯಾನರ್ ಸಾಕಾಗುವುದು ಹೆಚ್ಚು.

ಹೊಸ ವಾಲ್ವ್ ತರುವಾಗ ಹಳೆಯದನ್ನು ಜೊತೆಗೆ ಒಯ್ಯಿರಿ. ಆಕಾರ ಒಂದೇ ಇದ್ದರೆ ಸಾಲದು, ಮೇಲೆ ಅಚ್ಚಾದ ನಂಬರ್ ಒಂದೇ ಇರಬೇಕು. ಪೈಪು ಕೂಡ ಹೊಸದು ಹಾಕಿ. ವ್ಯಾಕ್ಯೂಮಿಗೆಂದೇ ಮಾಡಿದ ಗಟ್ಟಿ ಗೋಡೆಯ ಪೈಪು ಕೇಳಿ. ಕೆಲವರು ಮೀನಿನ ತೊಟ್ಟಿಗೆ ಹಾಕುವ ಪಾರದರ್ಶಕ ಪೈಪು ಸಿಕ್ಕಿಸಿರುವುದನ್ನು ನೋಡಿದ್ದೇನೆ. ಅದು ಎಂಜಿನ್ ಬಿಸಿಗೆ ಮೆತ್ತಗಾಗುತ್ತದೆ. ಒಳಗೆ ನಿರ್ವಾತವಾದಾಗ ಚಪ್ಪಟೆಯಾಗಿ ಮುಚ್ಚಿಕೊಳ್ಳುತ್ತದೆ. ನಾಲ್ಕು ದಿನದಲ್ಲಿ ಅದೇ ದೂರು ಮತ್ತೆ.

ಬಿಚ್ಚಿದ ಹಳೆಯ ವಾಲ್ವನ್ನು ನಾನು ಮೇಜಿನ ಮೇಲೆ ಒಡೆದು ನೋಡಿದೆ. ಹೊರಗಿನ ಗಾಳಿ ಎಳೆಯುವ ಬಾಯಿಗೆ ಒಂದು ಸಣ್ಣ ಸ್ಪಂಜಿನ ಫಿಲ್ಟರ್. ಅದು ಸ್ಪಂಜಾಗಿ ಉಳಿದಿರಲಿಲ್ಲ. ತೋಟದ ದಾರಿಯ ಕೆಮ್ಮಣ್ಣು ಕೂತು ಇಟ್ಟಿಗೆಯ ಚೂರಿನಂತೆ ಗಟ್ಟಿಯಾಗಿತ್ತು. ನೀರು ಒಳಗೆ ಹೋಗಿ ಕೊರಡಿಗೆ ತುಕ್ಕು ಹಿಡಿದಿತ್ತು. ಉಗುರಿನಿಂದ ನೂಕಿದರೂ ಅದು ಅಲುಗಲಿಲ್ಲ. ಕಾರಣ ಕೇಳಿದಾಗ ತಿಳಿಯಿತು. ಭಾವ ಪ್ರತಿ ತಿಂಗಳು ಬಾನೆಟ್ ತೆಗೆಸಿ ಜೋರು ನೀರು ಹಾಯಿಸಿ ವಾಟರ್ ಸರ್ವಿಸ್ ಮಾಡಿಸುತ್ತಿದ್ದರು. ಎಂಜಿನ್ ಫಳಫಳ ಹೊಳೆಯಲಿ ಎಂಬ ಆಸೆ. ಮಣ್ಣಿನ ದಾರಿಯಲ್ಲಿ ಓಡುವ ಗಾಡಿಗೆ ಬಾನೆಟ್ ಒಳಗೆ ನೀರಿನ ಜೆಟ್ ಬೇಡ. ಒದ್ದೆ ಬಟ್ಟೆಯಲ್ಲಿ ಒರೆಸಿದರೆ ಸಾಕು.

ಹೊಸದನ್ನು ಕೂರಿಸಿದ ಮೇಲೆ ಸ್ಟಾರ್ಟ್ ಮಾಡಿ ಕಡ್ಡಿಯನ್ನು ನೋಡಿ. ಸ್ಟಾರ್ಟ್ ಆದಾಗ ಒಳಗೆ ಸರಿಯಬೇಕು. ಆಫ್ ಮಾಡಿದಾಗ ಹೊರಗೆ ಬರಬೇಕು. ಸ್ಕ್ಯಾನರಿನಲ್ಲಿ ಹಳೆಯ ಸಂಖ್ಯೆ ಅಳಿಸಿ. ಆಮೇಲೆ ವಾಹನ ಕಡಿಮೆ ಇರುವ ಒಂದು ಏರಿನಲ್ಲಿ ಮೂರನೇ ಗೇರಿನಲ್ಲಿ ಪೂರ್ತಿ ತುಳಿದು ನೋಡಿ. ದೀಪ ಮತ್ತೆ ಹೊತ್ತದಿದ್ದರೆ ಕೆಲಸ ಮುಗಿಯಿತು.

ವಾಲ್ವ್ ಬದಲಿಸುವುದು ಇಷ್ಟೇ. ಆದರೆ ಎರಡು ಮಾತು ಸೇರಿಸದಿದ್ದರೆ ನಿಮಗೆ ಅನ್ಯಾಯವಾಗುತ್ತದೆ. ಮೊದಲನೆಯದು, ಟರ್ಬೊ ನಿಜವಾಗಿಯೂ ಹೋಗುವುದುಂಟು. ಸೈಲೆನ್ಸರಿನಿಂದ ನೀಲಿ ಹೊಗೆ ಬಂದರೆ, ಎಂಜಿನ್ ಆಯಿಲ್ ಬೇಗ ಬೇಗ ಕಡಿಮೆಯಾದರೆ, ಸೈರನ್ನಿನಂಥ ಕಿರುಚು ಕೇಳಿದರೆ ಗಾಡಿ ನಿಲ್ಲಿಸಿ. ಅದು ವಾಲ್ವಿನ ದೂರಲ್ಲ. ಎರಡನೆಯದು, ಈಚಿನ ಎಷ್ಟೋ ಕಾರುಗಳಲ್ಲಿ ವ್ಯಾಕ್ಯೂಮ್ ಪೈಪೂ ಇಲ್ಲ, ಈ ವಾಲ್ವೂ ಇಲ್ಲ. ಒಂದು ಸಣ್ಣ ಮೋಟಾರೇ ಕಡ್ಡಿಯನ್ನು ಆಡಿಸುತ್ತದೆ. ಅದನ್ನು ಬದಲಿಸಿದರೆ ಕಂಪ್ಯೂಟರಿಗೆ ಅದರ ಅಳತೆ ಕಲಿಸಬೇಕಾಗುತ್ತದೆ. ಅದು ಮನೆಯ ಅಂಗಳದಲ್ಲಿ ಮಾಡುವ ಕೆಲಸವಲ್ಲ.

ಭಾವನ ಕಾರಿನ ಎರಡು ರಿಪೇರಿಗೂ ಸೇರಿ ಆದ ಖರ್ಚು ನಾಲ್ಕು ಸಾವಿರ ರೂಪಾಯಿಯ ಒಳಗೆ. ಟರ್ಬೊ ಹಳೆಯದೇ ಇದೆ. ಈ ಮಳೆಗಾಲದಲ್ಲೂ ಅವರು ಅದೇ ಕಾರಿನಲ್ಲಿ ಚಾರ್ಮಾಡಿ ಹತ್ತಿ ಇಳಿಯುತ್ತಿದ್ದಾರೆ.

ಕೇಳುಗರಲ್ಲಿ ಒಂದು ವಿನಂತಿ. ಟರ್ಬೊ ಹೋಗಿದೆ ಎಂದು ಯಾರಾದರೂ ಹೇಳಿದರೆ ಜಗಳ ಬೇಡ. ಮೂರು ಪ್ರಶ್ನೆ ಕೇಳಿ. ಸ್ಕ್ಯಾನರಿನಲ್ಲಿ ಬಂದ ಸಂಖ್ಯೆ ಯಾವುದು? ಪೈಪು ಬಗ್ಗಿಸಿ ನೋಡಿದಿರಾ? ಕೈಪಂಪು ಹಾಕಿ ಕಡ್ಡಿ ಸರಿಯುತ್ತದೆಯೇ ಪರೀಕ್ಷಿಸಿದಿರಾ? ಈ ಮೂರಕ್ಕೂ ಉತ್ತರ ಸಿಗುವವರೆಗೆ ಟರ್ಬೊ ಬಿಚ್ಚಲು ಒಪ್ಪಿಗೆ ಕೊಡಬೇಡಿ. ಮತ್ತು ಯಾವ ಭಾಗ ಬದಲಿಸಿದರೂ ಹಳೆಯದನ್ನು ಕೇಳಿ ಮನೆಗೆ ತನ್ನಿ.